ಆರು ಫ್ಯಾನ್ ಇದ್ದರೂ ಕ್ಯಾಬಿನೆಟ್ ಒಳಗೆ ಬಿಸಿ, ಜೊತೆಗೆ ಧೂಳು ಬೇರೆ. ಏನು ಮಾಡೋದು?

ಹೊಸಪಿಸಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ದಾರಿ ತೋರಿಸಿ. ನನ್ನ ಪಿಸಿ ಕ್ಯಾಬಿನೆಟ್‌ನಲ್ಲಿ ಆರು ಫ್ಯಾನ್ ಇವೆ, ಎಲ್ಲವೂ 120 ಮಿ.ಮೀ. ಮುಂದಿನ ಮೂರು ಗಾಳಿ ಒಳಗೆ ಎಳೆಯುತ್ತವೆ. ಮೇಲಿನ ಎರಡು, ಹಿಂದಿನ ಒಂದು ಹೊರಗೆ ತಳ್ಳುತ್ತವೆ. ಆದರೂ ಗೇಮ್ ಆಡುವಾಗ ಸಿಪಿಯು 88 ಡಿಗ್ರಿ, ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) 84 ಡಿಗ್ರಿ ತೋರಿಸುತ್ತದೆ. ಕ್ಯಾಬಿನೆಟ್‌ನ ಮುಂಭಾಗ ಪೂರ್ತಿ ಗಾಜು, ಗಾಳಿ ಬರೋದು ಅದರ ಅಂಚಿನ ಸಂದಿಯಿಂದ. ಪಕ್ಕದ ಪ್ಯಾನೆಲ್ ತೆಗೆದಿಟ್ಟರೆ ಎರಡೂ ಎಂಟೊಂಬತ್ತು ಡಿಗ್ರಿ ಇಳಿಯುತ್ತವೆ.

ಇನ್ನೊಂದು ತಲೆನೋವು ಧೂಳು. ಮುಂದೆ ಫಿಲ್ಟರ್ ಇದೆ, ಆಗಾಗ ತೊಳೆಯುತ್ತೇನೆ. ಹಾಗಿದ್ದೂ ಗ್ರಾಫಿಕ್ಸ್ ಕಾರ್ಡ್ ಬೆನ್ನ ಮೇಲೆ, ಹಿಂದಿನ ಸ್ಲಾಟ್‌ಗಳ (ಕಾರ್ಡ್ ಕೂರಿಸುವ ಕಿಂಡಿಗಳ) ಹತ್ತಿರ ಬೂದು ಪದರ ಕೂರುತ್ತದೆ. ಗೆಳೆಯನೊಬ್ಬ ಇನ್ನೂ ಜೋರಾದ ಫ್ಯಾನ್ ಹಾಕು ಅನ್ನುತ್ತಾನೆ. ಇನ್ನೊಬ್ಬ ಪ್ಯಾನೆಲ್ ತೆಗೆದೇ ಇಡು ಅನ್ನುತ್ತಾನೆ. ಯಾವುದು ಸರಿ?

ತಣ್ಣನೆಕೋರ್
ಎರಡೂ ಬೇಡ. ಪ್ಯಾನೆಲ್ ತೆಗೆದಾಗ ಎಂಟೊಂಬತ್ತು ಡಿಗ್ರಿ ಇಳಿಯುತ್ತದೆ ಅಂದಿರಲ್ಲ, ರೋಗ ಎಲ್ಲಿದೆ ಅಂತ ಅದೇ ಹೇಳುತ್ತಿದೆ. ಫ್ಯಾನ್‌ಗಳಿಗೆ ಗಾಳಿ ಸಿಗುತ್ತಿಲ್ಲ. ಸರಿಯಾಗಿ ಉಸಿರಾಡುವ ಕ್ಯಾಬಿನೆಟ್‌ನಲ್ಲಿ ಪ್ಯಾನೆಲ್ ತೆಗೆದರೂ ಹಾಕಿದರೂ ಒಂದೆರಡು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬರಬಾರದು. ಕೆಲವು ಸಲ ಪ್ಯಾನೆಲ್ ಹಾಕಿದಾಗಲೇ ತಣ್ಣಗಿರುತ್ತದೆ, ಯಾಕಂದರೆ ಆಗ ಗಾಳಿಗೆ ಒಂದು ದಾರಿ ಇರುತ್ತದೆ.

ಈಗ ಲೆಕ್ಕ ನೋಡಿ. ಮುಂದಿನ ಮೂರು ಫ್ಯಾನ್ ಗಾಜಿನ ಹಿಂದೆ ಕೂತಿವೆ, ಅದರ ಜೊತೆಗೆ ಫಿಲ್ಟರ್. ಹಿಂದಿನದು, ಮೇಲಿನವು ತೆರೆದ ಜಾಲರಿಯಿಂದ ಆರಾಮಾಗಿ ಹೊರಗೆ ತಳ್ಳುತ್ತವೆ. ಕಾಗದದ ಮೇಲೆ ಮೂರಕ್ಕೆ ಮೂರು ಸಮ. ನಿಜದಲ್ಲಿ ಒಳಗೆ ಬರೋದು ಕಡಿಮೆ, ಹೊರಗೆ ಹೋಗೋದು ಜಾಸ್ತಿ. ಕೊರತೆ ಬಿದ್ದ ಗಾಳಿ ಎಲ್ಲಿಂದಾದರೂ ಬರಲೇಬೇಕು ಅಲ್ವಾ? ಅದು ಹಿಂದಿನ ಸ್ಲಾಟ್ ತೂತುಗಳಿಂದ, ಪ್ಯಾನೆಲ್ ಅಂಚಿನಿಂದ, ಯುಎಸ್‌ಬಿ ಪೋರ್ಟ್ ಸುತ್ತಲಿನ ಸಂದಿಯಿಂದ ನುಗ್ಗುತ್ತದೆ. ಅಲ್ಲೆಲ್ಲೂ ಫಿಲ್ಟರ್ ಇಲ್ಲ. ನಿಮ್ಮ ಬೂದು ಪದರ ಸ್ಲಾಟ್‌ಗಳ ಹತ್ತಿರವೇ ಯಾಕೆ ಕೂರುತ್ತದೆ ಅಂತ ಈಗ ಗೊತ್ತಾಯ್ತಲ್ಲ.

ಮೊದಲು ಮುಂದಿನ ಗಾಜು ಬಿಚ್ಚಿ, ಪಕ್ಕದ ಪ್ಯಾನೆಲ್ ಹಾಕಿಟ್ಟು, ಅದೇ ಗೇಮ್ ಆಡಿ ನೋಡಿ. ಆಮೇಲೆ ಮಾತಾಡೋಣ.

ರಾತ್ರಿಗೇಮರ್
ರೂಮಿನ ಉಷ್ಣಾಂಶ ಎಷ್ಟು? ಅದು ಹೇಳದೆ 88 ಅಂದರೆ ಏನೂ ಅರ್ಥ ಆಗಲ್ಲ.

ಹೊಸಪಿಸಿ
ಸುಮಾರು 29.

ರಾತ್ರಿಗೇಮರ್
ಹಾಗಾದರೆ ಹೊರಗಿನ ಗಾಳಿಗಿಂತ 59 ಡಿಗ್ರಿ ಮೇಲೆ. ಈ ವ್ಯತ್ಯಾಸವನ್ನೇ ಬರೆದಿಟ್ಟುಕೊಳ್ಳಿ. ಬೇರೆ ದಿನ ರೂಮು 24 ಇದ್ದಾಗ 83 ಬಂದರೆ ಏನೋ ಸುಧಾರಿಸಿತು ಅಂದುಕೊಳ್ಳಬೇಡಿ, ವ್ಯತ್ಯಾಸ ಅದೇ 59.

ಸ್ಕ್ರೂಡ್ರೈವರ್
ಯಾವ ಸಿಪಿಯು ಅಂತ ಯಾರೂ ಕೇಳಲೇ ಇಲ್ಲ. ರೈಜೆನ್ 7000 ಸರಣಿ ಆದರೆ 95 ಡಿಗ್ರಿವರೆಗೆ ಹೋಗೋದು ಅದರ ವಿನ್ಯಾಸವೇ. ಎಎಂಡಿಯವರೇ ಹೇಳಿದ್ದಾರೆ. ಇಂಟೆಲ್ ಕೋರ್ ಐ9 13900ಕೆ ಮಿತಿ 100. 88 ನೋಡಿ ಗಾಬರಿ ಬೀಳುವ ಅಗತ್ಯ ಇಲ್ಲ.

ತಣ್ಣನೆಕೋರ್
ಮಿತಿ ಒಳಗಿದೆ ಅನ್ನೋದು ಬೇರೆ, ಗಾಳಿ ಓಡಾಡುತ್ತಿದೆ ಅನ್ನೋದು ಬೇರೆ. ಸಿಪಿಯು ತನ್ನನ್ನು ತಾನು ನೋಡಿಕೊಳ್ಳುತ್ತದೆ, ಬಿಸಿಯಾದರೆ ವೇಗ ಇಳಿಸುತ್ತದೆ. ಪಕ್ಕದಲ್ಲಿರುವ ಎಸ್‌ಎಸ್‌ಡಿ, ಮದರ್‌ಬೋರ್ಡ್‌ನ ವಿಆರ್‌ಎಂ (ಸಿಪಿಯುಗೆ ವಿದ್ಯುತ್ ಹದ ಮಾಡಿ ಕೊಡುವ ಭಾಗ), ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ? ಅವೂ ಅದೇ ಬೇಯುವ ಗಾಳಿಯಲ್ಲಿ ಕೂತಿವೆ. ಮತ್ತೆ ಇವರ ಪ್ರಶ್ನೆ ಧೂಳಿನದ್ದೂ ಹೌದು.

ಸ್ಕ್ರೂಡ್ರೈವರ್
ಸರಿ, ಅದು ಒಪ್ಪಿದೆ.

ಗಾಳಿಗೋಪುರ
ನನ್ನ ಪ್ರಕಾರ ಮೇಲೆ ಇನ್ನೊಂದು ಎಕ್ಸಾಸ್ಟ್ ಸೇರಿಸಿ. ಬಿಸಿ ಗಾಳಿ ಮೇಲೇರುತ್ತದೆ, ಅದನ್ನು ಮೇಲಿನಿಂದಲೇ ಹೊರಗೆ ಹಾಕಬೇಕು. ಇದು ಶಾಲೆಯಲ್ಲೇ ಕಲಿತ ವಿಜ್ಞಾನ.

ಮೌನಪ್ರಿಯೆ
ಬಿಸಿ ಗಾಳಿ ಮೇಲೇರುತ್ತದೆ, ನಿಜ. ಆದರೆ ಆ ಏರುವಿಕೆಗೆ ಇರುವ ಬಲ ತುಂಬಾ ಕಡಿಮೆ, ನಿಧಾನವಾಗಿ ತಿರುಗುವ ಒಂದು ಫ್ಯಾನ್ ಕೂಡ ಅದನ್ನು ಸುಲಭವಾಗಿ ಮೀರಿಸುತ್ತದೆ. ಗಾಳಿ ಹೋಗೋದು ಫ್ಯಾನ್ ತಳ್ಳಿದ ಕಡೆ. ಮೇಲಿನ ಫ್ಯಾನ್‌ಗಳಲ್ಲಿ ಮುಂದಿನ ಮೂಲೆಯದ್ದು ಇದೆಯಲ್ಲ, ಅದೇ ದೊಡ್ಡ ಕಳ್ಳ. ಮುಂದಿನಿಂದ ಬಂದ ತಣ್ಣನೆಯ ಗಾಳಿ ಸಿಪಿಯು ಕೂಲರ್ ತಲುಪುವ ಮೊದಲೇ ಅದು ಎತ್ತಿ ಹೊರಗೆ ಹಾಕುತ್ತದೆ. ಟವರ್ ಕೂಲರ್ (ಸಿಪಿಯು ಮೇಲೆ ನಿಲ್ಲುವ ಎತ್ತರದ ಏರ್ ಕೂಲರ್) ಇರುವವರು ಆ ಒಂದು ಫ್ಯಾನ್ ಬಿಚ್ಚಿ ನೋಡಿ. ಸಿಪಿಯು ಉಷ್ಣಾಂಶ ಸಾಮಾನ್ಯವಾಗಿ ಹೆಚ್ಚುವುದಿಲ್ಲ, ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಇಳಿಯುತ್ತದೆ. ಶಬ್ದವೂ ಒಂದು ಫ್ಯಾನಿನಷ್ಟು ಕಡಿಮೆ.

ಗಾಳಿಗೋಪುರ
ಮೇಡಂ, ಹಾಗಾದರೆ ಕ್ಯಾಬಿನೆಟ್ ತಯಾರಕರು ಮೇಲೆ ಮೂರು ಫ್ಯಾನಿಗೆ ಜಾಗ ಯಾಕೆ ಕೊಡುತ್ತಾರೆ? ಸುಮ್ನೆನಾ?

ಮೌನಪ್ರಿಯೆ
ಮುಖ್ಯವಾಗಿ ರೇಡಿಯೇಟರ್, ಅಂದರೆ ವಾಟರ್ ಕೂಲರ್‌ನ ಶಾಖ ಬಿಡುವ ಭಾಗ, ಕೂರಿಸೋದಕ್ಕೆ. 360 ಮಿ.ಮೀ. ರೇಡಿಯೇಟರ್ ಅಂದರೆ ಮೂರು 120ರ ಫ್ಯಾನ್. ಜಾಗ ಇದೆ ಅಂತ ಎಲ್ಲವನ್ನೂ ತುಂಬಬೇಕು ಅಂತೇನಿಲ್ಲ.

ಪೆಂಗ್ವಿನ್
ಒಂದು ಸಣ್ಣ ಲೆಕ್ಕ ಹಾಕೋಣ, ವಾದ ಕಡಿಮೆ ಆಗಬಹುದು. ಗೇಮ್ ಆಡುವಾಗ ಒಳಗಿನ ಎಲ್ಲ ಭಾಗ ಸೇರಿ 400 ವ್ಯಾಟ್ ಶಾಖ ಬಿಡುತ್ತವೆ ಅಂತ ಇಟ್ಟುಕೊಳ್ಳಿ. ಒಳಗೆ ಬರುವ ಗಾಳಿಗಿಂತ ಹೊರಗೆ ಹೋಗುವ ಗಾಳಿ 10 ಡಿಗ್ರಿ ಮಾತ್ರ ಬಿಸಿ ಇರಬೇಕು ಅಂದರೆ ನಿಮಿಷಕ್ಕೆ ಸುಮಾರು 70 ಘನ ಅಡಿ ಗಾಳಿ ಹಾದುಹೋಗಬೇಕು. 20 ಡಿಗ್ರಿ ಪರವಾಗಿಲ್ಲ ಅಂದರೆ ಅದರ ಅರ್ಧ ಸಾಕು, 35.

ಈಗ ಒಂದೇ ಒಂದು 120ರ ಫ್ಯಾನ್ ಡಬ್ಬದ ಮೇಲೆ 55, 60 ಘನ ಅಡಿ ಅಂತ ಬರೆದಿರುತ್ತಾರೆ. ಆ ಪ್ರಕಾರ ಎರಡು ಫ್ಯಾನ್ ಧಾರಾಳ ಸಾಕಾಗಬೇಕು. ಯಾಕೆ ಸಾಕಾಗಲ್ಲ? ಆ ಅಂಕಿ ಎದುರಿಗೆ ಏನೂ ಇಲ್ಲದೆ, ಪೂರ್ತಿ ವೇಗದಲ್ಲಿ ಅಳೆದದ್ದು. ಗಾಜು, ಫಿಲ್ಟರ್, ಜಾಲರಿ ಅಡ್ಡ ಬಂದ ಕೂಡಲೇ ಅರ್ಧಕ್ಕಿಂತ ಕಡಿಮೆ ಆಗಬಹುದು. ಹಾಗಾಗಿ ಫ್ಯಾನ್ ಎಷ್ಟು ಅಂತ ಎಣಿಸಬೇಡಿ. ಗಾಳಿ ಬರೋಕೆ ಎಷ್ಟು ಜಾಗ ತೆರೆದಿದೆ ಅಂತ ನೋಡಿ.

ಹಳೇಮದರ್‌ಬೋರ್ಡ್
ಈ ಜಗಳ ಹಳೆಯದು ಮಾರಾಯ್ರೇ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನುವ ಮದರ್‌ಬೋರ್ಡ್, ಕ್ಯಾಬಿನೆಟ್ ವಿನ್ಯಾಸ ತಂದಾಗ ಮೊದಲ ಆಲೋಚನೆ ಏನಿತ್ತು ಗೊತ್ತಾ? ಪವರ್ ಸಪ್ಲೈ ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆ ಎಳೆದು ನೇರವಾಗಿ ಸಿಪಿಯು ಮೇಲೆ ಬಿಡಬೇಕು ಅಂತ. ಕ್ಯಾಬಿನೆಟ್ ಒಳಗೆ ಒತ್ತಡ ಜಾಸ್ತಿ ಇದ್ದರೆ ಧೂಳು ಕಡಿಮೆ ಅನ್ನೋ ವಾದ ಆಗಲೇ ಇತ್ತು. ಆದರೆ ಪವರ್ ಸಪ್ಲೈ ಬಿಸಿ ಮಾಡಿದ ಗಾಳಿಯೇ ಸಿಪಿಯುಗೆ ಸಿಗುತ್ತಿತ್ತು, ಪ್ರೊಸೆಸರ್‌ಗಳು ಬಿಸಿಯಾದ ಹಾಗೆ ಅದು ನಡೆಯಲಿಲ್ಲ. ಆಮೇಲೆ ದಿಕ್ಕು ತಿರುಗಿಸಿ ಹೊರಗೆ ತಳ್ಳುವಂತೆ ಮಾಡಿದರು. ಪೆಂಟಿಯಂ 4 ಕಾಲದಲ್ಲಿ ಶಾಖ ತಡೆಯಲಾರದೆ ಬಿಟಿಎಕ್ಸ್ ಅಂತ ಹೊಸ ವಿನ್ಯಾಸವನ್ನೇ ತಂದರು. ಮುಂದಿನಿಂದ ಹಿಂದಕ್ಕೆ ನೇರ ಗಾಳಿ, ಸಿಪಿಯು ಮುಂದಿನ ಸಾಲಿನಲ್ಲಿ. ಒಳ್ಳೆಯ ಆಲೋಚನೆ. ಕಡಿಮೆ ವಿದ್ಯುತ್ ತಿನ್ನುವ ಕೋರ್ 2 ಬಂದ ಮೇಲೆ ಯಾರಿಗೂ ಬೇಕಾಗಲಿಲ್ಲ, 2006ರಲ್ಲಿ ಇಂಟೆಲ್ಲೇ ಕೈಬಿಟ್ಟಿತು.

ರಾತ್ರಿಗೇಮರ್
ಈಗಿನ ಗ್ರಾಫಿಕ್ಸ್ ಕಾರ್ಡ್‌ಗಳನ್ನು ನೋಡಿದರೆ ಬಿಟಿಎಕ್ಸ್ ಮತ್ತೆ ಬರಲಿ ಅನ್ನಿಸುತ್ತದೆ. ಒಂದೇ ಕಾರ್ಡ್ 300 ವ್ಯಾಟ್, ಅಷ್ಟನ್ನೂ ಕ್ಯಾಬಿನೆಟ್ ಒಳಗೇ ಉಗುಳುತ್ತದೆ.

ಹಳೇಮದರ್‌ಬೋರ್ಡ್
ಅದಕ್ಕೇ ಹಳೆಯ ಬ್ಲೋವರ್ ಮಾದರಿಯ ಕಾರ್ಡ್‌ಗಳು ನನಗೆ ಇಷ್ಟ. ಶಬ್ದ ಮಾಡುತ್ತಿದ್ದವು, ಒಪ್ಪಿಕೊಳ್ಳುತ್ತೇನೆ. ಆದರೆ ಬಿಸಿ ಗಾಳಿಯನ್ನು ಹಿಂದಿನ ಸ್ಲಾಟ್‌ನಿಂದ ನೇರ ಆಚೆ ಹಾಕುತ್ತಿದ್ದವು.

ಬೆಕ್ಕಿನಮನೆ
ಧೂಳಿನ ವಿಷಯಕ್ಕೆ ವಾಪಸ್ ಬರೋಣ್ವಾ? ನಮ್ಮ ಮನೆಯಲ್ಲಿ ಎರಡು ಬೆಕ್ಕು. ಇತ್ತೀಚೆಗೆ ಸಿಪಿಯು ಕೂಲರ್‌ನ ಫ್ಯಾನ್ ಬಿಚ್ಚಿದೆ. ಹೊರಗಿನಿಂದ ನೋಡಿದರೆ ಎಲ್ಲ ಸ್ವಚ್ಛ. ಫ್ಯಾನ್ ಬ್ಲೇಡ್ ತುದಿಯಲ್ಲಿ ಮಾತ್ರ ಸ್ವಲ್ಪ ಬೂದು ಗೆರೆ. ಫ್ಯಾನ್ ಈಚೆ ತೆಗೆದರೆ ಹಿಂದಿನ ಅಲ್ಯೂಮಿನಿಯಂ ಫಿನ್‌ಗಳ (ಶಾಖ ಬಿಡುವ ತೆಳು ತಗಡುಗಳ) ಮೇಲೆ ದುಂಡಗೆ ಕಂಬಳಿ ಹೊದಿಸಿದಂತೆ ಒಂದು ಪದರ. ಉಗುರಿನಿಂದ ಅಂಚು ಎಬ್ಬಿಸಿದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬಂತು, ಒಳಗೆ ಕೂದಲು ಅಡ್ಡಡ್ಡ ಹೆಣೆದುಕೊಂಡಿತ್ತು. ಫಿನ್‌ಗಳ ನಡುವಿನ ಸಂದಿ ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಫ್ಯಾನ್ ಸಾಫ್ಟ್‌ವೇರ್‌ನಲ್ಲಿ ಸರಿಯಾದ ವೇಗವನ್ನೇ ತೋರಿಸುತ್ತಿತ್ತು! ಅದು ತಿರುಗುತ್ತಿತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ.

ಅದಕ್ಕೇ ಹೇಳೋದು, ಫ್ಯಾನ್ ಒರೆಸಿ ಬಿಟ್ಟರೆ ಸಾಲದು. ಬಿಚ್ಚಿ ಹಿಂದೆ ನೋಡಿ.

ತಣ್ಣನೆಕೋರ್
ಇದು ಎಲ್ಲರೂ ಓದಬೇಕಾದ ಮಾತು. ಗ್ರಾಫಿಕ್ಸ್ ಕಾರ್ಡ್ ಫ್ಯಾನ್‌ಗಳ ಹಿಂದೆಯೂ ಇದೇ ಕಥೆ.

ಸ್ಕ್ರೂಡ್ರೈವರ್
ಕ್ಲೀನ್ ಮಾಡೋಕೆ ವ್ಯಾಕ್ಯೂಮ್ ಕ್ಲೀನರ್ ಬಳಸಬಹುದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹಳೇಮದರ್‌ಬೋರ್ಡ್
ಬೇಡ. ಪ್ಲಾಸ್ಟಿಕ್ ಮೂತಿಯೊಳಗೆ ಒಣ ಧೂಳು ಉಜ್ಜಿಕೊಂಡು ಹೋಗುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ, ಬೋರ್ಡ್ ಹತ್ತಿರ ಅದನ್ನು ತರಲೇಬಾರದು. ಜಂಪರ್, ಸಣ್ಣ ಸ್ಕ್ರೂ ನುಂಗಿಬಿಡುವ ಅಪಾಯ ಬೇರೆ. ಕ್ಯಾಬಿನೆಟ್‌ನ ತಳ, ಹೊರಗಿನ ಜಾಲರಿ, ಬಿಚ್ಚಿದ ಫಿಲ್ಟರ್, ಇಷ್ಟಕ್ಕೆ ವ್ಯಾಕ್ಯೂಮ್ ಓಕೆ.

ರಾತ್ರಿಗೇಮರ್
ನಾನು ವರ್ಷಗಟ್ಟಲೆ ವ್ಯಾಕ್ಯೂಮ್ ಹಾಕಿದ್ದೇನೆ, ಏನೂ ಆಗಿಲ್ಲ.

ಹಳೇಮದರ್‌ಬೋರ್ಡ್
ಆಗದೇ ಇರಬಹುದು. ಸ್ಥಾಯಿ ವಿದ್ಯುತ್ತಿನ ತೊಂದರೆಯೇ ಅದು, ಕೆಲವೊಮ್ಮೆ ತಕ್ಷಣ ಕಾಣುವುದಿಲ್ಲ. ಊದುವ ಸಾಧನ ಇರುವಾಗ ಹೀರುವುದೇಕೆ?

ಮೌನಪ್ರಿಯೆ
ಎಲೆಕ್ಟ್ರಿಕ್ ಬ್ಲೋವರ್ ಒಳ್ಳೆಯದು, ಪದೇಪದೇ ಊದುವ ಗ್ಯಾಸ್ ಕ್ಯಾನ್ ಕೊಳ್ಳುವ ಗೊಡವೆ ಇಲ್ಲ. ಆದರೆ ಮೂರು ಮಾತು. ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ತನ್ನ ಮಿತಿಗಿಂತ ಎಷ್ಟೋ ವೇಗವಾಗಿ ತಿರುಗುತ್ತದೆ, ಬೇರಿಂಗ್ ಹಾಳಾಗುತ್ತದೆ. ತಿರುಗುವ ಮೋಟಾರು ಆಗ ಜನರೇಟರ್ ಆಗಿಯೂ ಕೆಲಸ ಮಾಡುತ್ತದೆ, ವೈರ್ ಮದರ್‌ಬೋರ್ಡ್‌ಗೆ ಸಿಕ್ಕಿಸಿದ್ದರೆ ಅದು ಒಳ್ಳೆಯದಲ್ಲ. ಎರಡನೆಯದು, ಗ್ಯಾಸ್ ಕ್ಯಾನ್ ಬಳಸುವವರು ಅದನ್ನು ನೇರವಾಗಿ ಹಿಡಿಯಿರಿ. ಓರೆ ಮಾಡಿದರೆ ಗಾಳಿಯ ಬದಲು ದ್ರವವೇ ಚಿಮ್ಮುತ್ತದೆ, ತಾಗಿದ ಕಡೆ ಹಿಮಗಟ್ಟುವಷ್ಟು ತಣ್ಣಗೆ. ಎಷ್ಟೋ ಕ್ಯಾನ್‌ಗಳಲ್ಲಿ ಇರುವ ಅನಿಲ ಬೆಂಕಿ ಹಿಡಿಯುವಂಥದ್ದು, ಹಾಗಾಗಿ ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಕಿಟಕಿ ತೆಗೆದು ಮಾಡಿ. ಮೂರನೆಯದು, ಬಿಸಿ ಗಾಳಿಯ ಹೇರ್ ಡ್ರೈಯರ್ ಬೇಡ್ವೇ ಬೇಡ.

ಹಗಲುಕೋಡ್
ಪವರ್ ಸಪ್ಲೈ ಬಿಚ್ಚಿ ಕ್ಲೀನ್ ಮಾಡಬಹುದಾ? ಅದರೊಳಗೆ ತುಂಬಾ ಧೂಳು ಕಾಣುತ್ತಿದೆ.

ಸ್ಕ್ರೂಡ್ರೈವರ್
ಬೇಡ!! ಒಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಜಾಸ್ತಿ ಹಿಡಿದಿಟ್ಟುಕೊಂಡಿರಬಹುದು. ಹೊರಗಿನ ಜಾಲರಿಯಿಂದಲೇ ಊದಿ, ಅಷ್ಟು ಸಾಕು. ಡಬ್ಬಿ ಮಾತ್ರ ಬಿಚ್ಚಬೇಡಿ.

ತಣ್ಣನೆಕೋರ್
ಪವರ್ ಸಪ್ಲೈ ಕೆಳಗೆ ಕೂರುವ ಕ್ಯಾಬಿನೆಟ್ ಆದರೆ ಫ್ಯಾನ್ ನೆಲದ ಕಡೆ ಇರಲಿ, ತಳದಲ್ಲಿ ಫಿಲ್ಟರ್ ಇರುತ್ತದೆ. ಕಾರ್ಪೆಟ್ ಮೇಲೆ ಇಟ್ಟಿದ್ದರೆ ಮಾತ್ರ ಅದಕ್ಕೆ ಉಸಿರು ಕಟ್ಟುತ್ತದೆ, ಒಂದು ಹಲಗೆ ಹಾಕಿ ಎತ್ತರಿಸಿ. ಆ ತಳದ ಫಿಲ್ಟರ್ ಅನ್ನು ಜನ ಮರೆತೇ ಬಿಡುತ್ತಾರೆ, ಹಿಂದಿನಿಂದ ಎಳೆದು ತೆಗೆಯುವಂಥದ್ದು ಅಲ್ವಾ, ಕಣ್ಣಿಗೆ ಬೀಳಲ್ಲ.

ಹೊಸಪಿಸಿ
ಗಾಜು ಬಿಚ್ಚಿ ನೋಡಿದೆ. ರೂಮು ಅದೇ 29. ಸಿಪಿಯು 80, ಜಿಪಿಯು 75! ಬೇರೇನೂ ಬದಲಿಸಿಲ್ಲ. ಇಷ್ಟು ವ್ಯತ್ಯಾಸ ಬರುತ್ತದೆ ಅಂತ ಊಹಿಸಿರಲಿಲ್ಲ. ಈಗ ಒಳಗೆ ಬರೋದು ಜಾಸ್ತಿಯಾ, ಹೊರಗೆ ಹೋಗೋದು ಜಾಸ್ತಿಯಾ ಅಂತ ತಿಳಿಯೋದು ಹೇಗೆ?

ಮೌನಪ್ರಿಯೆ
ಟಿಶ್ಯೂ ಪೇಪರ್‌ನ ಒಂದೇ ಪದರ ಬಿಡಿಸಿ, ಬೆರಳಗಲ ಹರಿದುಕೊಳ್ಳಿ. ಪಿಸಿ ಓಡುತ್ತಿರುವಾಗ ಅದರ ತುದಿಯನ್ನು ಹಿಂದಿನ ಖಾಲಿ ಸ್ಲಾಟ್‌ಗಳ ತೂತಿನ ಹತ್ತಿರ ಹಿಡಿಯಿರಿ. ಕಾಗದ ತೂತಿನ ಕಡೆ ಅಂಟಿಕೊಂಡರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ, ಅಂದರೆ ಧೂಳೂ ಹೋಗುತ್ತಿದೆ. ಆಚೆ ಹಾರಿದರೆ ಒಳಗಿನ ಒತ್ತಡ ಜಾಸ್ತಿ, ಒಳ್ಳೆಯದು. ಸುಮ್ಮನೆ ನೇತಾಡಿದರೆ ಹೆಚ್ಚುಕಮ್ಮಿ ಸಮ. ಪ್ಯಾನೆಲ್ ಅಂಚುಗಳಲ್ಲೂ ಹಿಡಿದು ನೋಡಿ. ಹಿಂದಿನ ಎಕ್ಸಾಸ್ಟ್ ಫ್ಯಾನ್ ಹತ್ತಿರ ಹಿಡಿಯಬೇಡಿ, ಅದರ ಗಾಳಿಯೇ ಕಾಗದವನ್ನು ಅಲ್ಲಾಡಿಸುತ್ತದೆ.

ಹೊಸಪಿಸಿ
ಗಾಜು ಹಾಕಿದಾಗ ಸ್ಲಾಟ್ ತೂತಿಗೆ ಟಪ್ ಅಂತ ಅಂಟಿಕೊಂಡಿತು. ಗಾಜು ತೆಗೆದಾಗಲೂ ಸ್ವಲ್ಪ ಒಳಗೇ ಎಳೆಯುತ್ತಿದೆ.

ತಣ್ಣನೆಕೋರ್
ಮೇಲಿನ ಮುಂದಿನ ಫ್ಯಾನ್ ಬಿಚ್ಚಿ, ಆ ಜಾಗವನ್ನು ಮುಚ್ಚಿ. ಮೇಲಿನ ಹಿಂದಿನದು ನಿಧಾನಕ್ಕೆ ತಿರುಗಲಿ. ಮತ್ತೆ ಕಾಗದ ಹಿಡಿದು ನೋಡಿ.

ಗಾಳಿಗೋಪುರ
ಪಾಸಿಟಿವ್ ಪ್ರೆಷರ್, ಅಂದರೆ ಒಳಗಿನ ಒತ್ತಡ ಜಾಸ್ತಿ, ಮಾಡಿದರೆ ಧೂಳೇ ಬರಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಹತ್ತಿರ ಹಾಗೇ ಇದೆ, ಆದರೂ ಧೂಳು ಬರುತ್ತದೆ. ಇದಕ್ಕೇನು ಹೇಳುತ್ತೀರಿ?

ಪೆಂಗ್ವಿನ್
ಬಂದೇ ಬರುತ್ತದೆ. ಫಿಲ್ಟರ್‌ನ ಜಾಲರಿ ಕೂದಲು, ಹತ್ತಿಯ ಎಳೆ, ದಪ್ಪ ಧೂಳು ಹಿಡಿಯುತ್ತದೆ. ಅತಿ ಸಣ್ಣ ಕಣಗಳು ಅದರ ತೂತಿನಿಂದ ಸಲೀಸಾಗಿ ಹಾದುಹೋಗುತ್ತವೆ. ಒಳಗಿನ ಒತ್ತಡ ಹೆಚ್ಚಿಸುವುದರ ಲಾಭ ಏನಂದರೆ ಗಾಳಿ ಎಲ್ಲಿಂದ ಬರಬೇಕು ಅಂತ ನೀವು ನಿರ್ಧರಿಸುತ್ತೀರಿ. ಆ ಬಾಗಿಲಿಗೆ ಫಿಲ್ಟರ್ ಹಾಕುತ್ತೀರಿ. ಧೂಳನ್ನೇ ಇಲ್ಲದಂತೆ ಮಾಡುವುದು ಅಲ್ಲ.

ಇನ್ನೊಂದು, ಒಳಗೆ ಎಷ್ಟು ಗಾಳಿ ಬರುತ್ತದೋ ಅಷ್ಟು ಧೂಳೂ ಬರುತ್ತದೆ. ಬ್ರೌಸರ್ ತೆರೆದು ಓದುತ್ತಾ ಕೂತಾಗಲೂ ಫ್ಯಾನ್‌ಗಳು 1500 ಆರ್‌ಪಿಎಂ ಓಡಿದರೆ ಸುಮ್ನೆ ಧೂಳು ಎಳೆದಂತೆ. ಸುಮ್ಮನಿರುವಾಗ 500, 600 ಸಾಕು.

ರಾತ್ರಿಗೇಮರ್
ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ವೇಗ ಅನ್ನುವ ಗೆರೆ) ಹೇಗೆ ಇಡಬೇಕು ಸ್ವಲ್ಪ ಹೇಳಿ. ನನ್ನದು ಬ್ರೌಸರ್ ತೆರೆದ ಕೂಡಲೇ ಭರ್ ಅಂತ ಏರುತ್ತದೆ, ಎರಡು ಸೆಕೆಂಡಿಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ತಲೆ ಚಿಟ್ಟು ಹಿಡಿಯುತ್ತದೆ.

ಪೆಂಗ್ವಿನ್
ಸಿಪಿಯು ಉಷ್ಣಾಂಶ ಒಂದು ಸೆಕೆಂಡಿನಲ್ಲಿ 15, 20 ಡಿಗ್ರಿ ಹಾರಬಹುದು. ಕ್ಯಾಬಿನೆಟ್ ಫ್ಯಾನ್ ಅದರ ಹಿಂದೆ ಓಡಬೇಕಾಗಿಲ್ಲ. ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಸ್ಟೆಪ್ ಅಪ್ ಟೈಮ್, ಸ್ಟೆಪ್ ಡೌನ್ ಟೈಮ್ ಅಥವಾ ಸ್ಮೂದಿಂಗ್ ಅಂತ ಇರುತ್ತದೆ, ಅದನ್ನು ಕೆಲವು ಸೆಕೆಂಡಿಗೆ ಏರಿಸಿ. 60 ಡಿಗ್ರಿವರೆಗೆ ಗೆರೆ ಚಪ್ಪಟೆ ಇರಲಿ, ಆಮೇಲೆ ನಿಧಾನಕ್ಕೆ ಮೇಲೆ. ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ತಂತ್ರಾಂಶ ಇದೆ, ಅದರಲ್ಲಿ ಮುಂದಿನ ಫ್ಯಾನ್‌ಗಳನ್ನು ಜಿಪಿಯು ಉಷ್ಣಾಂಶಕ್ಕೆ ಜೋಡಿಸಬಹುದು. ಗೇಮ್ ಆಡುವವರಿಗೆ ಅದೇ ಸರಿ, ಹೆಚ್ಚು ಶಾಖ ಅಲ್ಲಿಂದ ತಾನೇ. ಲಿನಕ್ಸ್‌ನವರಿಗೆ ಎಲ್‌ಎಂ ಸೆನ್ಸರ್ಸ್ ತಂತ್ರಾಂಶ ಇದ್ದೇ ಇದೆ.

ವೇಗ ಇಳಿಸೋದರ ಲಾಭ ದೊಡ್ಡದು. ಫ್ಯಾನ್ ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತದೆ, ಆದರೆ ಅದು ಬಳಸುವ ವಿದ್ಯುತ್ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಶಬ್ದ ಸುಮಾರು 15 ಡೆಸಿಬಲ್ ಕಡಿಮೆ. ಅದೇ ಒಂದು ಫ್ಯಾನ್ ಜೊತೆ ಅದೇ ಥರದ ಇನ್ನೊಂದು ಸೇರಿಸಿದರೆ ಶಬ್ದ ಜಾಸ್ತಿ ಆಗೋದು 3 ಡೆಸಿಬಲ್ ಮಾತ್ರ. ಒಂದು ಫ್ಯಾನನ್ನು ಕಿರುಚಿಸುವ ಬದಲು ಎರಡನ್ನು ನಿಧಾನಕ್ಕೆ ಓಡಿಸಿ ಅಂತ ಹೇಳೋದು ಇದಕ್ಕೇ.

ಗಾಳಿಗೋಪುರ
ನೋಡಿದ್ರಾ, ಕೊನೆಗೆ ಜಾಸ್ತಿ ಫ್ಯಾನ್ ಅಂತ ನೀವೇ ಹೇಳಿದಿರಿ!

ಪೆಂಗ್ವಿನ್
ಗಾಳಿಗೆ ದಾರಿ ಇದ್ದರೆ ಖಂಡಿತ. ಗಾಜಿನ ಹಿಂದೆ ಹತ್ತು ಫ್ಯಾನ್ ಇಟ್ಟರೂ ಅದೇ ಸಂದಿ.

ಹಗಲುಕೋಡ್
ನನ್ನ ಹೊಸ ಫ್ಯಾನ್ ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತದೆ. ಕರ್ವ್ ಬದಲಿಸಿದರೂ ಕೇಳಲ್ಲ.

ಸ್ಕ್ರೂಡ್ರೈವರ್
ಮೂರು ಪಿನ್ನಿನದಾ? ಅದು ವೋಲ್ಟೇಜ್ ಇಳಿಸಿದರೆ ಮಾತ್ರ ನಿಧಾನ ಆಗುತ್ತದೆ. ಬಯೋಸ್‌ನಲ್ಲಿ ಆ ಹೆಡರ್ (ಫ್ಯಾನ್ ವೈರ್ ಸಿಕ್ಕಿಸುವ ಪಿನ್‌ಗಳು) ಅನ್ನು ಪಿಡಬ್ಲ್ಯೂಎಂ (ಸಂಕೇತದಿಂದ ವೇಗ ಬದಲಿಸುವ ವಿಧಾನ) ಬದಲು ಡಿಸಿ (ವೋಲ್ಟೇಜ್ ಬದಲಿಸುವ) ಮೋಡ್‌ಗೆ ಹಾಕಿ. ನಾಲ್ಕು ಪಿನ್ನಿನದಾದರೆ ಪಿಡಬ್ಲ್ಯೂಎಂ ಇರಲಿ. ಇನ್ನೊಂದು, ಸ್ಪ್ಲಿಟರ್ ಹಾಕಿ ಒಂದೇ ಹೆಡರ್‌ಗೆ ಐದಾರು ಫ್ಯಾನ್ ಸಿಕ್ಕಿಸಬೇಡಿ. ಸಾಮಾನ್ಯವಾಗಿ ಒಂದು ಹೆಡರ್ ಮಿತಿ 1 ಆಂಪಿಯರ್. ಫ್ಯಾನ್ ಮೇಲಿನ ಸ್ಟಿಕ್ಕರ್‌ನಲ್ಲಿ ಆಂಪಿಯರ್ ಬರೆದಿರುತ್ತದೆ, ಕೂಡಿಸಿ ನೋಡಿ. ಮೀರಿದರೆ ಪವರ್ ಸಪ್ಲೈನಿಂದ ನೇರ ವಿದ್ಯುತ್ ಪಡೆಯುವ ಹಬ್ ಹಾಕಿ.

ಹಗಲುಕೋಡ್
ಡಿಸಿಗೆ ಹಾಕಿದೆ, ಸರಿ ಹೋಯ್ತು. ಥ್ಯಾಂಕ್ಸ್ ಗುರುಗಳೇ.

ಬೆಕ್ಕಿನಮನೆ
ಫಿಲ್ಟರ್ ಇಲ್ಲದ ಕ್ಯಾಬಿನೆಟ್ ಇರುವವರಿಗೆ: ನೈಲಾನ್ ಕಾಲುಚೀಲದ ತೆಳು ಬಟ್ಟೆಯನ್ನು ಸ್ವಲ್ಪ ಎಳೆದು ಫ್ಯಾನಿನ ಮುಂದೆ ಕಟ್ಟಿದರೆ ಬೆಕ್ಕಿನ ಕೂದಲು ಚೆನ್ನಾಗಿ ಹಿಡಿಯುತ್ತದೆ. ಹತ್ತಿ ಬಟ್ಟೆ ಬೇಡ, ಗಾಳಿಯೇ ನಿಂತುಹೋಗುತ್ತದೆ.

ಮೌನಪ್ರಿಯೆ
ಚೆನ್ನಾಗಿದೆ. ಬಟ್ಟೆ ಬ್ಲೇಡ್‌ಗೆ ತಾಗದಂತೆ ನೋಡಿಕೊಳ್ಳಿ ಅಷ್ಟೇ. ಫಿಲ್ಟರ್ ಇರುವ ಜಾಗಕ್ಕೆ ಒತ್ತಡ ಹೆಚ್ಚು ಕೊಡುವ ಫ್ಯಾನ್ ಆರಿಸಿ. ವಿವರದಲ್ಲಿ ಸ್ಟ್ಯಾಟಿಕ್ ಪ್ರೆಷರ್ ಅಂತ ನೀರಿನ ಮಿಲಿಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಫಿಲ್ಟರ್, ರೇಡಿಯೇಟರ್ ಎದುರು ಅದು ಮುಖ್ಯ. ಹಿಂದಿನ ಎಕ್ಸಾಸ್ಟ್‌ಗೆ ಯಾವ ಸಾಧಾರಣ ಫ್ಯಾನಾದರೂ ನಡೆಯುತ್ತದೆ.

ಸ್ಕ್ರೂಡ್ರೈವರ್
ಸಿಗರೇಟ್ ಸೇದುವ ರೂಮಿನಲ್ಲಿ ಇದ್ದ ಪಿಸಿ ಯಾರಾದರೂ ಕ್ಲೀನ್ ಮಾಡಿದ್ದೀರಾ? ಆ ಧೂಳು ಊದಿದರೂ ಏಳಲ್ಲ. ಹಳದಿ ಅಂಟು. ಫ್ಯಾನ್ ಬ್ಲೇಡ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಡ್ಸ್‌ನಿಂದ ಒಂದೊಂದಾಗಿ ಒರೆಸಬೇಕಾಯಿತು. ದಯವಿಟ್ಟು ಪಿಸಿ ಇರುವ ರೂಮಿನಲ್ಲಿ ಸೇದಬೇಡಿ.

ಹಳೇಮದರ್‌ಬೋರ್ಡ್
ತೇವ ಇರುವ ಜಾಗದಲ್ಲಿ ಸಾಮಾನ್ಯ ಧೂಳೂ ಹಾಗೇ. ತೇವ ಹೀರಿಕೊಂಡು ಬೋರ್ಡ್ ಮೇಲೆ ಗಟ್ಟಿಯಾಗಿ ಕೂರುತ್ತದೆ, ಪಿನ್‌ಗಳ ನಡುವೆ ಸಣ್ಣಗೆ ವಿದ್ಯುತ್ ಸೋರಲೂ ಬಹುದು. ಒಣ ಧೂಳಿಗಿಂತ ಅದು ಕೆಟ್ಟದ್ದು.

ರಾತ್ರಿಗೇಮರ್
ಎಐಒ (ಸಿದ್ಧವಾಗಿ ಬರುವ ವಾಟರ್ ಕೂಲರ್) ಹಾಕಿರುವವರು ರೇಡಿಯೇಟರ್ ಎಲ್ಲಿಟ್ಟಿದ್ದೀರಿ? ಮುಂದೆಯೋ ಮೇಲೆಯೋ?

ತಣ್ಣನೆಕೋರ್
ಜಾಗ ಇದ್ದರೆ ಮೇಲೆ. ಮುಂದೆ ಇಟ್ಟರೆ ಸಿಪಿಯುಗೆ ತಣ್ಣನೆಯ ಗಾಳಿ ಸಿಗುತ್ತದೆ, ಆದರೆ ಬಿಸಿಯಾದ ಗಾಳಿ ಜಿಪಿಯುಗೆ ಹೋಗುತ್ತದೆ. ಗೇಮ್‌ನಲ್ಲಿ ಜಿಪಿಯುವೇ ಮುಖ್ಯ ತಾನೇ. ಎಲ್ಲೇ ಇಡಿ, ಪಂಪ್ ಇಡೀ ಸರ್ಕ್ಯೂಟಿನ ಅತಿ ಎತ್ತರದ ಜಾಗದಲ್ಲಿ ಇರಬಾರದು. ಒಳಗಿನ ಗಾಳಿಗುಳ್ಳೆ ಅಲ್ಲಿಗೇ ಹೋಗಿ ಸೇರುತ್ತದೆ, ಗರಗರ ಶಬ್ದ ಬರುತ್ತದೆ, ಪಂಪಿನ ಆಯಸ್ಸು ಕಡಿಮೆ ಆಗುತ್ತದೆ. ರೇಡಿಯೇಟರ್ ಫಿನ್‌ಗಳಿಗೂ ಬೆಕ್ಕಿನಮನೆ ಹೇಳಿದ ಪದರ ಕೂರುತ್ತದೆ, ಮರೆಯಬೇಡಿ.

ಹಗಲುಕೋಡ್
ವೈರ್‌ಗಳನ್ನು ನೀಟಾಗಿ ಕಟ್ಟಿದರೆ ಉಷ್ಣಾಂಶ ಇಳಿಯುತ್ತದಾ?

ಪೆಂಗ್ವಿನ್
ತುಂಬಾ ಕಡಿಮೆ. ಫ್ಯಾನ್ ಎದುರು ದೊಡ್ಡ ಗಂಟು ಇಲ್ಲದಿದ್ದರೆ ಸಾಕು. ಆದರೆ ಕ್ಲೀನ್ ಮಾಡೋಕೆ ಸುಲಭ, ಅದೇನು ಸಣ್ಣ ಲಾಭ ಅಲ್ಲ.

ಹೊಸಪಿಸಿ
ಮೇಲಿನ ಮುಂದಿನ ಫ್ಯಾನ್ ಬಿಚ್ಚಿ ಮುಚ್ಚಿದೆ. ಸಿಪಿಯು ಇನ್ನೊಂದು ಡಿಗ್ರಿ ಇಳಿಯಿತು, ಕಾಗದ ಈಗ ಆಚೆ ಹಾರುತ್ತಿದೆ! ಗಾಜಿನ ಬದಲು ಜಾಲರಿಯ ಮುಂಭಾಗ ಇದೇ ಕ್ಯಾಬಿನೆಟ್‌ಗೆ ಸಿಗುತ್ತದೆಯಾ ಅಂತ ಹುಡುಕುತ್ತಿದ್ದೇನೆ. ಬಿಚ್ಚಿದ ಫ್ಯಾನನ್ನು ತಳದಲ್ಲಿ ಜಿಪಿಯು ಕೆಳಗೆ ಹಾಕಬಹುದಾ? ಅಲ್ಲಿ ಜಾಗ ಇದೆ, ಫಿಲ್ಟರೂ ಇದೆ.

ಮೌನಪ್ರಿಯೆ
ತುಂಬಾ ಒಳ್ಳೆಯ ಜಾಗ, ಕಾರ್ಡಿನ ಫ್ಯಾನ್‌ಗಳಿಗೆ ನೇರವಾಗಿ ತಣ್ಣನೆಯ ಗಾಳಿ ಸಿಗುತ್ತದೆ. ನೆಲದಿಂದ ಸ್ವಲ್ಪ ಎತ್ತರದಲ್ಲಿರಲಿ. ಸ್ಲೀವ್ ಬೇರಿಂಗ್ ಫ್ಯಾನ್ ಆದರೆ ಹಾಗೆ ಮಲಗಿಸಿ ಓಡಿಸಿದಾಗ ಬೇಗ ಸವೆಯುತ್ತದೆ, ಫ್ಲೂಯಿಡ್ ಅಥವಾ ಬಾಲ್ ಬೇರಿಂಗ್ ಆದರೆ ಚಿಂತೆ ಇಲ್ಲ.

ಹೊಸಪಿಸಿ
ಯಾವ ಮುಖ ಮೇಲೆ ಬರಬೇಕು? ಫ್ಯಾನಿನ ಮೇಲೆ ಬಾಣದ ಗುರುತು ಇಲ್ಲ.

ಸ್ಕ್ರೂಡ್ರೈವರ್
ಮೋಟಾರು ಹಿಡಿದಿರುವ ಕಡ್ಡಿಗಳಿರುವ ಮುಖದಿಂದ ಗಾಳಿ ಹೊರಗೆ ಬರುತ್ತದೆ, ಸ್ಟಿಕ್ಕರ್ ಇರೋದೂ ಅಲ್ಲೇ ಸಾಮಾನ್ಯವಾಗಿ. ಆ ಮುಖ ಜಿಪಿಯು ಕಡೆ, ಅಂದರೆ ಮೇಲೆ. ಈಚೆಗೆ ಅಂದಕ್ಕೋಸ್ಕರ ಬ್ಲೇಡ್ ತಿರುಗಿಸಿದ ರಿವರ್ಸ್ ಫ್ಯಾನ್‌ಗಳೂ ಬಂದಿವೆ, ಅವುಗಳಲ್ಲಿ ಉಲ್ಟಾ. ಹಾಗಾಗಿ ಸ್ಕ್ರೂ ಬಿಗಿಯುವ ಮೊದಲು ವೈರ್ ಸಿಕ್ಕಿಸಿ ಓಡಿಸಿ, ಅದೇ ಟಿಶ್ಯೂ ತುಂಡು ಮೇಲೆ ಹಿಡಿದು ನೋಡಿ.

ಬೆಕ್ಕಿನಮನೆ
ತಳದ ಫಿಲ್ಟರ್ ತೊಳೆದ ಮೇಲೆ ಪೂರ್ತಿ ಒಣಗಿಸಿಯೇ ಹಾಕಿ. ಮೇಲೆ ಫ್ಯಾನ್ ಬಂತು ಅಂದರೆ ಉಳಿದ ಹನಿ ನೇರ ಕಾರ್ಡಿಗೇ ಹೋಗುತ್ತದೆ.